ಮಲ್ಟಿ ಪ್ರೋಸೆಸ್ ವೆಲ್ಡಿಂಗ್ ಮೆಷಿನ್: ಮೊದಲು ಕೇಬಲ್, ಆಮೇಲೆ ನಾಬ್

ಮಿಗ್, ಟಿಗ್, ಆರ್ಕ್ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಮೆಷಿನ್ ಕೈಗೆ ಬಂದ ಹೊಸತು. ಮಿಗ್‌ನಲ್ಲಿ ಟಾರ್ಚ್‌ನಿಂದ ವೈರ್ ತಾನೇ ಬರುತ್ತದೆ, ಟಿಗ್‌ನಲ್ಲಿ ಕರಗದ ಟಂಗ್‌ಸ್ಟನ್ ಕಡ್ಡಿ ಇರುತ್ತದೆ, ಆರ್ಕ್‌ನಲ್ಲಿ ರಾಡ್ ಹಿಡಿದು ಮಾಡುವುದು. ಲೋಹ ಕರಗಿಸುವ ವಿದ್ಯುತ್ ಜ್ವಾಲೆಗೂ ಆರ್ಕ್ ಅಂತಲೇ ಹೇಳುತ್ತೇವೆ. ಹಿಂದಿನ ದಿನ ಒಳಗೆ ಪುಡಿ ತುಂಬಿದ, ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವೈರ್ ಹಾಕಿ ಕೆಲಸ ಮುಗಿಸಿದ್ದೆ. ಮರುದಿನ ಸಾಲಿಡ್ ವೈರ್ ಏರಿಸಿದೆ, ಸಿಲಿಂಡರ್ ಜೋಡಿಸಿದೆ, ಟ್ರಿಗರ್ ಒತ್ತಿದೆ. ಬೀಡ್, ಅಂದರೆ ಕರಗಿ ಕೂರುವ ವೆಲ್ಡ್ ಗೆರೆ, ಕಬ್ಬಿಣದೊಳಗೆ ಇಳಿಯಲೇ ಇಲ್ಲ. ಹಗ್ಗ ಇಟ್ಟ ಹಾಗೆ ಮೇಲೆ ಕೂತಿತು. ವೋಲ್ಟೇಜ್ ಏರಿಸಿದೆ, ಇಳಿಸಿದೆ. ವೈರ್ ಸ್ಪೀಡ್ ತಿರುಗಿಸಿದೆ. ಗ್ಯಾಸ್ ಜಾಸ್ತಿ ಬಿಟ್ಟೆ. ಎರಡು ಗಂಟೆ ಹೋಯಿತು. ಕೊನೆಗೆ ಮೆಷಿನ್ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ, ಮುಂಭಾಗದ ಗಿಡ್ಡ ಕೇಬಲ್ ಇನ್ನೂ ಮೈನಸ್‌ನಲ್ಲೇ ಇತ್ತು. ಅದನ್ನು ಪ್ಲಸ್‌ಗೆ ಹಾಕಲು ಹಿಡಿದದ್ದು ಹತ್ತು ಸೆಕೆಂಡ್.

ಅವತ್ತಿನಿಂದ ನಾನು ನಾಬ್ ಮುಟ್ಟುವುದು ಕೊನೆಗೆ. ಮೊದಲು ಕರೆಂಟ್ ಎಲ್ಲಿಂದ ಹೊರಟು ಎಲ್ಲಿಗೆ ವಾಪಸ್ ಬರುತ್ತದೆ ಅಂತ ಬೆರಳಿಟ್ಟು ನೋಡುತ್ತೇನೆ. ಆಮೇಲೆ ವೈರ್ ದಾರಿ, ಆಮೇಲೆ ಗ್ಯಾಸ್ ದಾರಿ. ಇವು ಮೂರೂ ಸರಿ ಇದ್ದರೆ ನಾಬ್ ಕೆಲಸ ಐದು ನಿಮಿಷದ್ದು. ಈ ಬರಹವೂ ಅದೇ ಕ್ರಮದಲ್ಲಿದೆ.

ಗೋಡೆಯ ಪ್ಲಗ್‌ನಿಂದ ಶುರು ಮಾಡಿ

ಮೆಷಿನ್ ಹಿಂದೆ ಅಂಟಿಸಿರುವ ಪ್ಲೇಟ್ ಓದಿ. ಎಷ್ಟು ವೋಲ್ಟ್, ಸಿಂಗಲ್ ಫೇಸ್ ಅಥವಾ ತ್ರೀ ಫೇಸ್, ಎಷ್ಟು ಆಂಪ್ ಎಳೆಯುತ್ತದೆ, ಎಲ್ಲವೂ ಅದರಲ್ಲಿದೆ. ಒಂದು ಸಣ್ಣ ಲೆಕ್ಕ ಹಾಕೋಣ. 230 ವೋಲ್ಟ್, 16 ಆಂಪ್‌ನ ಸಾಕೆಟ್ ಕೊಡಬಲ್ಲದ್ದು ಸುಮಾರು 3680 ವಾಟ್. ಮಿಗ್‌ನಲ್ಲಿ 200 ಆಂಪ್, 24 ವೋಲ್ಟ್ ಬೇಕಾದರೆ ಆರ್ಕ್‌ಗೇ 4800 ವಾಟ್ ಹೋಗುತ್ತದೆ. ಮೆಷಿನ್ ಒಳಗೆ ಬಿಸಿಯಾಗಿ ಕಳೆದುಹೋಗುವುದು ಬೇರೆ. ಅಂದರೆ 200 ಆಂಪ್ ಅಂತ ಬರೆದಿರುವ ಮೆಷಿನ್ ಸಾಮಾನ್ಯ ಸಾಕೆಟ್‌ನಲ್ಲಿ ಪೂರ್ತಿ ಓಡುವುದಿಲ್ಲ. ಬ್ರೇಕರ್ ಬೀಳುತ್ತದೆ, ನಾವು ಮೆಷಿನ್‌ಗೆ ಬೈಯುತ್ತೇವೆ.

ಎಕ್ಸ್‌ಟೆನ್ಷನ್ ಬಳಸುವುದಾದರೆ ದಪ್ಪ ವೈರ್‌ನದ್ದೇ ಇರಲಿ, ಆದಷ್ಟು ಗಿಡ್ಡ ಇರಲಿ. ಸುತ್ತಿಟ್ಟ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟೇ ಬಳಸಿದರೆ ಅದರ ಬಿಸಿ ಹೊರಗೆ ಹೋಗದೆ ಕವಚ ಕರಗುತ್ತದೆ. ಮೂರನೇ ಪಿನ್‌ಗೆ ನಿಜವಾಗಿ ಅರ್ಥಿಂಗ್ ಇದೆಯೇ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ಈ ಅರ್ಥಿಂಗ್ ಬೇರೆ, ಜಾಬ್‌ಗೆ ಅಂದರೆ ವೆಲ್ಡ್ ಮಾಡುವ ತುಂಡಿಗೆ ಹಾಕುವ ಅರ್ಥ್ ಕ್ಲಾಂಪ್ ಬೇರೆ. ಮೊದಲನೆಯದು ನಿಮ್ಮ ಜೀವಕ್ಕೆ, ಎರಡನೆಯದು ಆರ್ಕ್‌ಗೆ. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಅದೇ ಪ್ಲೇಟ್ ಮೇಲೆ ಡ್ಯೂಟಿ ಸೈಕಲ್ ಕೂಡ ಇರುತ್ತದೆ. 200 ಆಂಪ್‌ಗೆ 60% ಅಂತಿದ್ದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ವೆಲ್ಡ್, ನಾಲ್ಕು ನಿಮಿಷ ಬಿಡುವು. ಬಿಡುವಿಲ್ಲದೆ ಓಡಿಸಬೇಕಾದರೆ ಅದೇ ಮೆಷಿನ್ ಸುಮಾರು 155 ಆಂಪ್ ತಡೆಯುತ್ತದೆ. ಬಿಸಿಯಾಗಿ ಹಳದಿ ದೀಪ ಬಂದರೆ ಸ್ವಿಚ್ ಆಫ್ ಮಾಡಬೇಡಿ. ಒಳಗಿನ ಫ್ಯಾನ್ ತಿರುಗುತ್ತಿದ್ದರೇ ತಾನೇ ತಣ್ಣಗಾಗುವುದು?

ಮುಂಭಾಗದ ತೂತುಗಳು

ಮೆಷಿನ್ ಆಫ್ ಇರುವಾಗಲೇ ಮುಂಭಾಗ ನೋಡಿ. ಮಧ್ಯದಲ್ಲಿರುವ ದೊಡ್ಡ ದುಂಡನೆ ಬಾಯಿ ಮಿಗ್ ಟಾರ್ಚ್‌ಗೆ. ಬಹಳಷ್ಟು ಮೆಷಿನ್‌ಗಳಲ್ಲಿ ಇದು ಯೂರೋ ಕನೆಕ್ಟರ್. ವೈರ್, ಗ್ಯಾಸ್, ಕರೆಂಟ್, ಟ್ರಿಗರ್‌ನ ಎರಡು ಸಣ್ಣ ಪಿನ್, ಎಲ್ಲವೂ ಈ ಒಂದೇ ಬಾಯಿಂದ ಹೋಗುತ್ತವೆ. ಪಿನ್ ನೇರ ಕೂರಿಸಿ, ಹೊರಗಿನ ನಟ್ ಕೈಯಿಂದಲೇ ಗಟ್ಟಿ ಬಿಗಿಯಿರಿ. ಅರ್ಧ ಬಿಗಿದರೆ ಗ್ಯಾಸ್ ಅಲ್ಲೇ ಸೋರುತ್ತದೆ. ಕನೆಕ್ಟರ್ ಬಿಸಿಯಾಗಿ ಕಪ್ಪಾಗುತ್ತದೆ.

ಕೆಳಗೆ ಎರಡು ಸಾಕೆಟ್, ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಗುರುತು. ಇವು ಡಿನ್ಸ್ ಮಾದರಿಯವು. ಪ್ಲಗ್‌ನ ಗಂಟನ್ನು ಮೇಲಿನ ಕಚ್ಚಿಗೆ ಹೊಂದಿಸಿ, ಒಳಗೆ ತಳ್ಳಿ, ಬಲಕ್ಕೆ ಬಿಗಿಯಾಗುವವರೆಗೆ ತಿರುಗಿಸಿ. ಸುಮ್ನೆ ತಳ್ಳಿ ಬಿಟ್ಟರೆ ಕೂತ ಹಾಗೆ ಕಾಣುತ್ತದೆ, ಆದರೆ ಕರೆಂಟ್ ಸಣ್ಣ ಜಾಗದಲ್ಲಿ ಹಾಯ್ದು ಪ್ಲಗ್ ಸುಡುತ್ತದೆ. ಕೆಲಸದ ನಡುವೆ ಪ್ಲಗ್ ಮುಟ್ಟಿ ನೋಡುವ ಅಭ್ಯಾಸ ಒಳ್ಳೆಯದು. ಕೇಬಲ್‌ಗಿಂತ ಪ್ಲಗ್ ಜಾಸ್ತಿ ಬಿಸಿ ಇದ್ದರೆ ಅದು ಸಡಿಲ ಇದೆ ಅಂತಲೇ ಅರ್ಥ.

ಇನ್ನು ನನ್ನ ಎರಡು ಗಂಟೆ ತಿಂದ ಆ ಗಿಡ್ಡ ಕೇಬಲ್. ಮಿಗ್ ಟಾರ್ಚ್‌ಗೆ ಪ್ಲಸ್ ಹೋಗಬೇಕೋ ಮೈನಸ್ ಹೋಗಬೇಕೋ ಅನ್ನುವುದನ್ನು ಇದೇ ತೀರ್ಮಾನಿಸುತ್ತದೆ. ಕೆಲವು ಮೆಷಿನ್‌ಗಳಲ್ಲಿ ಇದು ಹೊರಗೆ ತೂಗುವುದಿಲ್ಲ. ಪಕ್ಕದ ಬಾಗಿಲು ತೆಗೆದರೆ ಒಳಗೆ ಎರಡು ಬೋಲ್ಟ್, ಅವುಗಳ ಮೇಲೆ ಅದಲುಬದಲು ಮಾಡುವ ಪಟ್ಟಿ ಇರುತ್ತದೆ. ಎಲ್ಲಿದ್ದರೂ ಕೆಲಸ ಒಂದೇ.

ಯಾವುದಕ್ಕೆ ಪ್ಲಸ್, ಯಾವುದಕ್ಕೆ ಮೈನಸ್

ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಕಾಗದದಲ್ಲಿ ಬರೆದು ಮೆಷಿನ್ ಮೇಲೆ ಅಂಟಿಸಿ.

- ಮಿಗ್, ಸಾಲಿಡ್ ವೈರ್, ಗ್ಯಾಸ್ ಜೊತೆ: ಟಾರ್ಚ್ ಪ್ಲಸ್, ಅರ್ಥ್ ಕ್ಲಾಂಪ್ ಮೈನಸ್.
- ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವೈರ್: ಸಾಮಾನ್ಯವಾಗಿ ಟಾರ್ಚ್ ಮೈನಸ್, ಕ್ಲಾಂಪ್ ಪ್ಲಸ್.
- ಗ್ಯಾಸ್ ಬೇಕಾದ ಫ್ಲಕ್ಸ್ ಕೋರ್ ವೈರ್: ಸಾಮಾನ್ಯವಾಗಿ ಟಾರ್ಚ್ ಪ್ಲಸ್.
- ಡಿಸಿ ಟಿಗ್: ಟಾರ್ಚ್ ಮೈನಸ್, ಕ್ಲಾಂಪ್ ಪ್ಲಸ್.
- ಆರ್ಕ್, 7018 ರಾಡ್ (7018, 6013 ರಾಡ್ ಬಗೆಯ ನಂಬರ್‌ಗಳು): ರಾಡ್ ಹಿಡಿಯುವ ಹೋಲ್ಡರ್ ಪ್ಲಸ್. 6013 ಎರಡರಲ್ಲೂ ಓಡುತ್ತದೆ. ತೆಳು ತಗಡಿಗೆ ಹೋಲ್ಡರ್ ಮೈನಸ್ ಮಾಡಿದರೆ ತೂತು ಬೀಳುವುದು ಕಡಿಮೆ.

ಫ್ಲಕ್ಸ್ ಕೋರ್‌ನಲ್ಲೇ ಎರಡು ಬಗೆ ಇರುವುದರಿಂದ ಅಂದಾಜಿನಲ್ಲಿ ಹಾಕಬೇಡಿ. ವೈರ್ ಪೊಟ್ಟಣದ ಮೇಲೆ ಬರೆದಿರುತ್ತದೆ, ಅದೇ ಕೊನೆ ಮಾತು.

ತಪ್ಪಾದರೆ ಹೇಗೆ ಗೊತ್ತಾಗುತ್ತದೆ? ಸಾಲಿಡ್ ವೈರ್ ಮೈನಸ್‌ನಲ್ಲಿದ್ದರೆ ನಾನು ಮೇಲೆ ಹೇಳಿದ ಹಗ್ಗದ ಬೀಡ್. ಗ್ಯಾಸ್ ಬೇಡದ ವೈರ್ ಪ್ಲಸ್‌ನಲ್ಲಿದ್ದರೆ ಆರ್ಕ್ ಒರಟಾಗಿ, ಸಿಕ್ಕಾಪಟ್ಟೆ ಕಿಡಿ ಕಾರುತ್ತದೆ. ಟಿಗ್ ಟಾರ್ಚ್ ಪ್ಲಸ್‌ನಲ್ಲಿದ್ದರೆ ಕೇಳುವುದೇ ಬೇಡ. ಟಂಗ್‌ಸ್ಟನ್ ತುದಿ ಕ್ಷಣದಲ್ಲಿ ಕರಗಿ ಗುಂಡಾಗುತ್ತದೆ. ಡಿಸಿ ಟಿಗ್‌ನಲ್ಲಿ ಬಿಸಿಯ ದೊಡ್ಡ ಪಾಲು ಬೀಳುವುದು ಪ್ಲಸ್ ಕಡೆ. ಆ ಬಿಸಿ ಜಾಬ್ ಮೇಲೆ ಇರಬೇಕು, ಟಂಗ್‌ಸ್ಟನ್ ಮೇಲಲ್ಲ.

ಇಲ್ಲೇ ಅರ್ಥ್ ಕ್ಲಾಂಪ್ ಬಗ್ಗೆ ಎರಡು ಮಾತು. ಪೇಂಟ್ ಮೇಲೆ, ತುಕ್ಕಿನ ಮೇಲೆ, ಎಣ್ಣೆ ಜಿಡ್ಡಿನ ಮೇಲೆ ಕಚ್ಚಿಸಬೇಡಿ. ಎರಡು ಬೆರಳಗಲ ಜಾಗ ಗ್ರೈಂಡ್ ಮಾಡಿ ಹೊಳೆಯುವ ಲೋಹ ತೋರಿಸಿ, ಅಲ್ಲಿ ಕಚ್ಚಿಸಿ. ವೆಲ್ಡ್ ಮಾಡುವ ಜಾಗಕ್ಕೆ ಹತ್ತಿರ ಇರಲಿ. ಕ್ಲಾಂಪ್ ಮತ್ತು ವೆಲ್ಡ್ ನಡುವೆ ಬೇರಿಂಗ್ ಬರದ ಹಾಗೆ ನೋಡಿಕೊಳ್ಳಿ. ಕರೆಂಟ್ ಬೇರಿಂಗ್ ಮೂಲಕ ಹಾಯ್ದರೆ ಅದರ ಗುಂಡುಗಳ ಮೇಲೆ ಸುಟ್ಟ ಗುಳಿ ಬೀಳುತ್ತದೆ. ಆರ್ಕ್ ಒಮ್ಮೆ ಚೆನ್ನಾಗಿ, ಒಮ್ಮೆ ತಡವರಿಸುತ್ತಾ ನಡೆದರೆ ನಾನು ಮೊದಲು ಅನುಮಾನಿಸುವುದು ಇದೇ ಕ್ಲಾಂಪನ್ನು.

ವೈರ್ ದಾರಿ

ಮಿಗ್‌ನ ಅರ್ಧ ತಲೆನೋವು ಇಲ್ಲಿದೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಪಕ್ಕದ ಬಾಗಿಲು ತೆಗೆಯಿರಿ. ವೈರನ್ನು ತಳ್ಳುವ ರೋಲರ್ ನೋಡಿ. ಸಾಲಿಡ್ ಉಕ್ಕಿನ ವೈರ್‌ಗೆ ವಿ ಆಕಾರದ ಕಚ್ಚು. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಯು ಆಕಾರದ್ದು. ಫ್ಲಕ್ಸ್ ಕೋರ್ ವೈರ್ ಒಳಗೆ ಟೊಳ್ಳು, ಅದರಲ್ಲಿ ಪುಡಿ ತುಂಬಿರುತ್ತದೆ. ಜೋರಾಗಿ ಒತ್ತಿದರೆ ಚಪ್ಪಟೆಯಾಗುತ್ತದೆ. ಅದಕ್ಕೇ ಕಡಿಮೆ ಒತ್ತಿಗೂ ಹಿಡಿಯುವ ಹಲ್ಲು ಹಲ್ಲಿನ ರೋಲರ್. ಒಂದು ರೋಲರ್‌ಗೆ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ, ಉದಾಹರಣೆಗೆ 0.6 ಮತ್ತು 0.8 ಮಿಮೀ. ಪಕ್ಕದಲ್ಲಿ ಕೆತ್ತಿದ ಅಂಕಿಯನ್ನಷ್ಟೇ ನಂಬಬೇಡಿ. ಆ ಅಂಕಿ ಈ ಬದಿಯ ಕಚ್ಚಿನದ್ದೋ ಆ ಬದಿಯದ್ದೋ ಅನ್ನುವುದು ಮೆಷಿನ್‌ನಿಂದ ಮೆಷಿನ್‌ಗೆ ಬೇರೆ. ವೈರ್ ಕಚ್ಚಿನೊಳಗೆ ಕೂತಿದೆಯೇ ಅಂತ ಕಣ್ಣಲ್ಲೇ ನೋಡಿ.

ರೋಲರ್, ಟಾರ್ಚ್ ಒಳಗೆ ವೈರ್ ಹಾಯುವ ಲೈನರ್ ಕೊಳವೆ, ತುದಿಯಲ್ಲಿ ವೈರ್‌ಗೆ ಕರೆಂಟ್ ಕೊಡುವ ಟಿಪ್, ಈ ಮೂರೂ ವೈರ್ ಅಳತೆಗೆ ಹೊಂದಬೇಕು. 0.8 ವೈರ್‌ಗೆ 0.8 ಟಿಪ್. ದೊಡ್ಡ ಟಿಪ್‌ನಲ್ಲಿ ವೈರ್ ಅಲ್ಲಾಡುತ್ತದೆ, ಕರೆಂಟ್ ಸರಿಯಾಗಿ ಸಿಗುವುದಿಲ್ಲ. ಅಲ್ಯೂಮಿನಿಯಂಗೆ ಟೆಫ್ಲಾನ್ ಲೈನರ್ ಬೇಕು. ಉದ್ದ ಟಾರ್ಚ್‌ನಲ್ಲಿ ಆ ಮೆತ್ತನೆ ವೈರ್ ಮಡಚಿಕೊಳ್ಳುವುದು ಜಾಸ್ತಿ. ಅದಕ್ಕೇ ಕೆಲವರು ಸಣ್ಣ ವೈರ್ ಸುರುಳಿ ಟಾರ್ಚ್‌ನಲ್ಲೇ ಇರುವ ಸ್ಪೂಲ್ ಗನ್ ಬಳಸುತ್ತಾರೆ. ಅದನ್ನು ಹಾಕಿದರೆ ಮೆಷಿನ್ ಒಳಗಿನ ಸ್ಪೂಲ್ ಗನ್ ಸ್ವಿಚ್ ಕೂಡ ಬದಲಿಸಬೇಕು. ಇಲ್ಲದಿದ್ದರೆ ಟ್ರಿಗರ್ ಒತ್ತಿದಾಗ ತಿರುಗುವುದು ಗನ್ ಒಳಗಿನ ಮೋಟರ್ ಅಲ್ಲ, ಮೆಷಿನ್‌ನದ್ದು.

ವೈರ್ ಏರಿಸುವಾಗ:

1. ಸ್ಪೂಲನ್ನು ಕೂರಿಸಿ, ವೈರ್ ಕೆಳಗಿನಿಂದ ರೋಲರ್ ಕಡೆಗೆ ನೇರ ಹೋಗುವ ಹಾಗೆ ಇರಲಿ. ಹಿಂದಿರುವ ಗೂಟ ಸ್ಪೂಲ್‌ನ ತೂತಿಗೆ ಸಿಕ್ಕಬೇಕು.
2. ವೈರ್ ತುದಿಯನ್ನು ಗಟ್ಟಿ ಹಿಡಿದೇ ಬಿಚ್ಚಿ. ಕೈ ಬಿಟ್ಟರೆ ಇಡೀ ಸುರುಳಿ ಸ್ಪ್ರಿಂಗ್ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದು ಸಲ ಗಂಟು ಬಿದ್ದರೆ ಅಷ್ಟು ವೈರ್ ಕಸಕ್ಕೆ.
3. ತುದಿಯ ಸೊಟ್ಟ ಭಾಗ ಕತ್ತರಿಸಿ, ಚೂಪು ಅಂಚನ್ನು ಅರದಿಂದ ಉಜ್ಜಿ. ಚೂಪು ತುದಿ ಲೈನರ್ ಒಳಗನ್ನು ಕೆರೆಯುತ್ತದೆ.
4. ಟಾರ್ಚ್‌ನ ನಾಜಲ್, ಟಿಪ್ ಎರಡೂ ಬಿಚ್ಚಿಡಿ. ಟಾರ್ಚ್ ಕೇಬಲನ್ನು ನೆಲದ ಮೇಲೆ ನೇರ ಹಾಸಿ.
5. ವೈರನ್ನು ರೋಲರ್ ದಾಟಿಸಿ ಲೈನರ್ ಒಳಗೆ ಕೈಯಿಂದ ಒಂದು ಗೇಣು ತಳ್ಳಿ. ಆಮೇಲೆ ವೈರನ್ನು ರೋಲರ್‌ಗೆ ಒತ್ತಿ ಹಿಡಿಯುವ ಒತ್ತು ತೋಳು ಹಾಕಿ.
6. ಮೆಷಿನ್ ಆನ್ ಮಾಡಿ, ವೈರ್ ಮಾತ್ರ ತಳ್ಳುವ ಬಟನ್ ಒತ್ತಿ. ಆ ಬಟನ್ ಇಲ್ಲದಿದ್ದರೆ ಟ್ರಿಗರ್ ಒತ್ತಬೇಕಾಗುತ್ತದೆ. ಆಗ ವೈರ್‌ನಲ್ಲಿ ಕರೆಂಟ್ ಇರುತ್ತದೆ, ಲೋಹಕ್ಕೆ ತಾಗಿಸಬೇಡಿ. ಟಾರ್ಚ್ ಬಾಯನ್ನು ಮುಖದ ಕಡೆ ಇಟ್ಟುಕೊಂಡು ಇಣುಕಿ ನೋಡುವವರನ್ನು ಕಂಡಿದ್ದೇನೆ. ವೈರ್ ಸೂಜಿಯಂತೆ ಹೊರಗೆ ಬರುತ್ತದೆ, ನೆನಪಿರಲಿ.
7. ವೈರ್ ಹೊರಬಂದ ಮೇಲೆ ಟಿಪ್, ನಾಜಲ್ ವಾಪಸ್ ಹಾಕಿ.

ಈಗ ಒತ್ತು ಎಷ್ಟಿರಬೇಕು? ಒಂದು ಮರದ ತುಂಡಿನ ಮೇಲೆ ಟಾರ್ಚ್ ಬಾಯಿಯನ್ನು ಎರಡು ಇಂಚು ದೂರದಲ್ಲಿ ಓರೆಯಾಗಿ ಹಿಡಿದು ವೈರ್ ಬಿಡಿ. ಮರಕ್ಕೆ ತಾಗಿದ ವೈರ್ ನಿಲ್ಲದೆ ಸುರುಳಿ ಸುತ್ತಬೇಕು. ರೋಲರ್ ಜಾರಿ ವೈರ್ ನಿಂತರೆ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಅಲ್ಲಿಗೆ ಸಾಕು. ವೈರ್ ಸರಿಯಾಗಿ ಬರುತ್ತಿಲ್ಲ ಅಂದ ಕೂಡಲೇ ಬಿಗಿಯುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಜಾಸ್ತಿ ಬಿಗಿದರೆ ವೈರ್ ಆಕಾರ ಕೆಡುತ್ತದೆ, ಅದರ ಪುಡಿ ಲೈನರ್ ತುಂಬುತ್ತದೆ. ಟಿಪ್‌ನಲ್ಲಿ ಸಿಕ್ಕಿಬಿದ್ದರೆ ರೋಲರ್ ಹತ್ತಿರ ಹಕ್ಕಿಗೂಡಿನ ಹಾಗೆ ವೈರ್ ಸುತ್ತಿಕೊಳ್ಳುತ್ತದೆ. ಸ್ವಲ್ಪ ಜಾರುವ ರೋಲರ್ ಆ ಗೂಡಿಗಿಂತ ವಾಸಿ.

ಸ್ಪೂಲ್ ನಡುವಿನ ನಟ್ ಬ್ರೇಕ್ ಇದ್ದ ಹಾಗೆ. ಟ್ರಿಗರ್ ಬಿಟ್ಟ ಕೂಡಲೇ ಸ್ಪೂಲ್ ನಿಲ್ಲಬೇಕು, ಅಷ್ಟು ಬಿಗಿ ಇದ್ದರೆ ಸಾಕು.

ಗ್ಯಾಸ್ ದಾರಿ

ಸಿಲಿಂಡರ್ ನೆಟ್ಟಗೆ ನಿಂತಿರಲಿ, ಸರಪಳಿ ಹಾಕಿ ಕಟ್ಟಿರಲಿ. ರೆಗ್ಯುಲೇಟರ್ ಹಾಕುವ ಮೊದಲು ಪಕ್ಕಕ್ಕೆ ನಿಂತು ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚಿ, ಬಾಯಲ್ಲಿನ ಧೂಳು ಹಾರಿಹೋಗುತ್ತದೆ. ಥ್ರೆಡ್ ಹೊಂದದಿದ್ದರೆ ಒತ್ತಾಯ ಬೇಡ, ಟೇಪ್ ಬೇಡ, ಗ್ರೀಸ್ ಅಂತೂ ಬೇಡವೇ ಬೇಡ. ಪೈಪನ್ನು ಮೆಷಿನ್ ಹಿಂದಿನ ಗ್ಯಾಸ್ ಬಾಯಿಗೆ ಹಾಕಿ ಕ್ಲಿಪ್ ಬಿಗಿಯಿರಿ. ವಾಲ್ವ್ ನಿಧಾನ ತೆರೆದು, ಎಲ್ಲ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಯಾವ ಗ್ಯಾಸ್? ಸಾದಾ ಉಕ್ಕಿನ ಮಿಗ್‌ಗೆ ಆರ್ಗಾನ್ 75–80%, ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಇರುವ ಮಿಶ್ರಣ ಚೆನ್ನಾಗಿ ನಡೆಯುತ್ತದೆ. ಬರೀ ಕಾರ್ಬನ್ ಡೈಆಕ್ಸೈಡ್‌ನಲ್ಲೂ ಆಗುತ್ತದೆ. ಅಗ್ಗ, ಆಳಕ್ಕೆ ಇಳಿಯುತ್ತದೆ, ಆದರೆ ಕಿಡಿ ಜಾಸ್ತಿ. ಟಿಗ್‌ಗೆ ಮತ್ತು ಅಲ್ಯೂಮಿನಿಯಂ ಮಿಗ್‌ಗೆ ಶುದ್ಧ ಆರ್ಗಾನ್. ಮಿಗ್ ಮಿಶ್ರಣವನ್ನೇ ಟಿಗ್‌ಗೆ ಬಿಟ್ಟರೆ ಟಂಗ್‌ಸ್ಟನ್ ಸುಟ್ಟು ಹಾಳಾಗುತ್ತದೆ. ಮಲ್ಟಿ ಪ್ರೋಸೆಸ್ ಮೆಷಿನ್ ಕೊಂಡವರು ಮರೆಯುವ ಖರ್ಚು ಇದು. ಮೆಷಿನ್ ಒಂದೇ ಆದರೂ ಸಿಲಿಂಡರ್ ಎರಡು ಬೇಕು.

ಎಷ್ಟು ಬಿಡಬೇಕು ಅನ್ನುವುದಕ್ಕೆ, ಮಿಗ್‌ಗೆ ನಿಮಿಷಕ್ಕೆ 10–15 ಲೀಟರ್, ಟಿಗ್‌ಗೆ 6–10 ಲೀಟರ್. ಈ ಅಂಕಿ ಓದಬೇಕಾದದ್ದು ಗ್ಯಾಸ್ ಹರಿಯುತ್ತಿರುವಾಗ, ನಿಂತಿರುವಾಗ ಅಲ್ಲ. ಗ್ಯಾಸ್ ಮಾತ್ರ ಬಿಡುವ ಬಟನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒತ್ತು ತೋಳನ್ನು ಎತ್ತಿ ಟ್ರಿಗರ್ ಒತ್ತಿ, ವೈರ್ ಹೊರಗೆ ಬರುವುದಿಲ್ಲ. ತೂತು ತೂತು ಬೀಡ್ ಬಂತು ಅಂತ 25 ಲೀಟರ್‌ಗೆ ಏರಿಸಬೇಡಿ. ಗ್ಯಾಸ್ ರಭಸಕ್ಕೆ ಸುಳಿಯೆದ್ದು ಸುತ್ತಲಿನ ಗಾಳಿಯನ್ನೇ ಒಳಗೆಳೆಯುತ್ತದೆ, ತೂತು ಇನ್ನೂ ಜಾಸ್ತಿಯಾಗುತ್ತದೆ. ಪಕ್ಕದ ಫ್ಯಾನ್ ನಿಮ್ಮ ವೆಲ್ಡ್ ಕಡೆ ಬೀಸುತ್ತಿದೆಯೇ, ಅದನ್ನು ನೋಡಿ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಗ್ಯಾಸ್ ದ್ರವವಾಗಿರುತ್ತದೆ. ದ್ರವ ಮುಗಿಯುವವರೆಗೂ ಮೀಟರ್ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ಇದ್ದು, ಆಮೇಲೆ ಬೇಗ ಬೀಳುತ್ತದೆ. ಎಷ್ಟು ಉಳಿದಿದೆ ಅನ್ನುವುದು ತೂಕ ಮಾಡಿದರೆ ಮಾತ್ರ ಗೊತ್ತಾಗುವುದು. ಜಾಸ್ತಿ ಹೊತ್ತು ಓಡಿಸಿದರೆ ರೆಗ್ಯುಲೇಟರ್ ಮೇಲೆ ಮಂಜು ಕಟ್ಟಿ ಗ್ಯಾಸ್ ನಿಲ್ಲುವುದೂ ಉಂಟು, ಅದಕ್ಕೇ ಹೀಟರ್ ಇರುವ ರೆಗ್ಯುಲೇಟರ್ ಬಳಸುತ್ತಾರೆ.

ಈಗ ನಾಬ್‌ಗಳು: ಮಿಗ್

ಪ್ರೋಸೆಸ್ ಸ್ವಿಚ್ ಮಿಗ್‌ಗೆ ತಿರುಗಿಸಿ. ಈ ಸ್ವಿಚ್ ಬರೀ ಹೆಸರು ಬದಲಿಸುವುದಿಲ್ಲ, ಮೆಷಿನ್‌ನ ಸ್ವಭಾವವನ್ನೇ ಬದಲಿಸುತ್ತದೆ. ಆರ್ಕ್ ಮತ್ತು ಟಿಗ್‌ನಲ್ಲಿ ಮೆಷಿನ್ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. ನಮ್ಮ ಕೈ ನಡುಗಿ ಆರ್ಕ್ ಉದ್ದ ಹೆಚ್ಚುಕಡಿಮೆ ಆದರೂ ಬಿಸಿ ಹೆಚ್ಚು ಬದಲಾಗಬಾರದು, ಅದಕ್ಕೆ. ಮಿಗ್‌ನಲ್ಲಿ ಹಿಡಿಯುವುದು ವೋಲ್ಟೇಜನ್ನು. ವೈರ್ ಒಂದೇ ವೇಗದಲ್ಲಿ ಬರುತ್ತಿರುತ್ತದೆ. ಆರ್ಕ್ ಗಿಡ್ಡವಾದರೆ ಕರೆಂಟ್ ತಾನೇ ಏರಿ ವೈರನ್ನು ಬೇಗ ಕರಗಿಸಿ ಮೊದಲಿನ ಉದ್ದಕ್ಕೆ ತರುತ್ತದೆ. ಆದ್ದರಿಂದಲೇ ಮಿಗ್‌ನಲ್ಲಿ ಸಾಮಾನ್ಯವಾಗಿ ಬೇರೆ ಆಂಪ್ ನಾಬ್ ಇರುವುದಿಲ್ಲ. ವೈರ್ ಸ್ಪೀಡ್ ನಾಬೇ ಆಂಪ್ ನಾಬ್. ಇದೊಂದು ತಲೆಗೆ ಹೊಕ್ಕರೆ ಮಿಗ್ ಅರ್ಧ ಬಂದ ಹಾಗೆ.

ಲೆಕ್ಕ ಹೀಗೆ ಹಿಡಿಯಿರಿ. ಉಕ್ಕಿನ ದಪ್ಪಕ್ಕೆ ಮಿಲಿಮೀಟರ್‌ಗೆ ಸುಮಾರು 40 ಆಂಪ್. 3 ಮಿಮೀ ಪ್ಲೇಟ್ ಅಂದರೆ 120 ಆಂಪ್. 0.8 ಮಿಮೀ ವೈರ್‌ನಲ್ಲಿ 120 ಆಂಪ್ ಬರಲು ನಿಮಿಷಕ್ಕೆ ಸುಮಾರು 6 ಮೀಟರ್ ವೈರ್ ಬೇಕು. ಮಿಶ್ರಣ ಗ್ಯಾಸ್‌ನಲ್ಲಿ ವೋಲ್ಟೇಜ್ 18–19ರಿಂದ ಶುರು ಮಾಡಿ. ನಿಮ್ಮ ನಾಬ್ ಮೇಲೆ ಬರೀ 1ರಿಂದ 10 ಇದ್ದರೆ? ಒತ್ತು ತೋಳು ಹಾಕಿಯೇ, ಹತ್ತು ಸೆಕೆಂಡ್ ವೈರ್ ಬಿಟ್ಟು ಅಳೆಯಿರಿ. ಒಂದು ಮೀಟರ್ ಬಂದರೆ ನಿಮಿಷಕ್ಕೆ 6 ಮೀಟರ್.

ಆಮೇಲೆ ಅದೇ ದಪ್ಪದ ಹಳೆ ತುಂಡಿನ ಮೇಲೆ ಪ್ರಯೋಗ. ಟಿಪ್‌ನಿಂದ ವೈರ್ 10–12 ಮಿಮೀ ಹೊರಗಿರಲಿ. ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ಆದರೆ 15–20 ಮಿಮೀ. ವೈರ್ ಸ್ಪೀಡ್ ಹಾಗೇ ಬಿಟ್ಟು ವೋಲ್ಟೇಜ್ ಮಾತ್ರ ಸ್ವಲ್ಪ ಸ್ವಲ್ಪ ತಿರುಗಿಸಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ವೈರ್ ಜಾಬ್‌ಗೆ ಗುದ್ದಿ ಟಾರ್ಚ್ ಹಿಂದಕ್ಕೆ ತಳ್ಳುತ್ತಿದ್ದರೆ ವೋಲ್ಟೇಜ್ ಕಡಿಮೆ. ವೈರ್ ಟಿಪ್‌ವರೆಗೂ ಸುಟ್ಟು ಅಲ್ಲೇ ಅಂಟಿದರೆ ವೋಲ್ಟೇಜ್ ಜಾಸ್ತಿ ಅಥವಾ ವೈರ್ ಸಾಲದು. ಸರಿ ಇದ್ದಾಗ ಒಗ್ಗರಣೆ ಸಿಡಿಯುವ ಹಾಗೆ ಒಂದೇ ಸಮನೆ ಚರಚರ ಸದ್ದು ಬರುತ್ತದೆ. ಕಿವಿ ಇಲ್ಲಿ ಕಣ್ಣಿಗಿಂತ ಚುರುಕು.

ಇಂಡಕ್ಟನ್ಸ್ ಅನ್ನುವ ನಾಬನ್ನು ಮೊದಲು ಮಧ್ಯದಲ್ಲಿಡಿ. ಏರಿಸಿದರೆ ಆರ್ಕ್ ಮೆತ್ತಗೆ, ಬೀಡ್ ಅಗಲ, ಕಿಡಿ ಕಡಿಮೆ. ಇಳಿಸಿದರೆ ಆರ್ಕ್ ಚುರುಕು. ಬರ್ನ್‌ಬ್ಯಾಕ್ ಅನ್ನುವುದು ಟ್ರಿಗರ್ ಬಿಟ್ಟ ಮೇಲೆ ವೈರ್ ಎಷ್ಟು ಹೊತ್ತು ಸುಡಬೇಕು ಅನ್ನುವುದಕ್ಕೆ. ಕಡಿಮೆ ಇದ್ದರೆ ವೈರ್ ಜಾಬ್‌ಗೆ ಅಂಟಿ ನಿಲ್ಲುತ್ತದೆ, ಜಾಸ್ತಿ ಇದ್ದರೆ ಟಿಪ್‌ಗೆ ಅಂಟುತ್ತದೆ. 2ಟಿ ಅಂದರೆ ಒತ್ತಿದಷ್ಟು ಹೊತ್ತು ಆರ್ಕ್. 4ಟಿ ಅಂದರೆ ಒಮ್ಮೆ ಒತ್ತಿ ಬಿಟ್ಟರೆ ಶುರು, ಮತ್ತೆ ಒತ್ತಿ ಬಿಟ್ಟರೆ ನಿಲ್ಲುತ್ತದೆ. ಹೊಸಬರು 2ಟಿಯಲ್ಲೇ ಇರಿ. 4ಟಿಯಲ್ಲಿದೆ ಅಂತ ಮರೆತು ಟ್ರಿಗರ್ ಬಿಟ್ಟು, ಆರ್ಕ್ ನಿಲ್ಲದೆ ಗಾಬರಿಯಾಗುವುದು ಎಲ್ಲರಿಗೂ ಒಮ್ಮೆ ಆಗುತ್ತದೆ.

ಸಿನರ್ಜಿಕ್ ಮೋಡ್ ಇದ್ದರೆ ವೈರ್ ಅಳತೆ, ಗ್ಯಾಸ್, ಲೋಹ ಹೇಳಿದರೆ ವೋಲ್ಟೇಜನ್ನು ಮೆಷಿನ್ ತಾನೇ ಹೊಂದಿಸುತ್ತದೆ. ಅನುಕೂಲವೇ. ಆದರೆ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ, ಕ್ಲಾಂಪ್ ಪೇಂಟ್ ಮೇಲಿದ್ದರೆ ಅದು ಸರಿಪಡಿಸಲಾರದು. ಶುರುವಿಗೆ ಒಳ್ಳೆಯ ಅಂದಾಜು, ಅಷ್ಟೇ ಅಂತ ತಿಳಿಯಿರಿ.

ಆರ್ಕ್‌ಗೆ ಬದಲಿಸುವಾಗ

ಹೋಲ್ಡರ್ ಒಂದು ಸಾಕೆಟ್‌ಗೆ, ಕ್ಲಾಂಪ್ ಇನ್ನೊಂದಕ್ಕೆ. ಸುಲಭ. ಆದರೆ ಒಂದು ಅಪಾಯ ಇದೆ. ಆರ್ಕ್ ಮೋಡ್‌ಗೆ ಟ್ರಿಗರ್ ಇಲ್ಲ, ಸಾಕೆಟ್‌ಗಳಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಆ ಗಿಡ್ಡ ಕೇಬಲ್ ಸಾಕೆಟ್‌ನಲ್ಲೇ ಉಳಿದಿದ್ದರೆ ಪಕ್ಕದಲ್ಲಿ ಸುಮ್ಮನೆ ಬಿದ್ದಿರುವ ಮಿಗ್ ಟಾರ್ಚ್‌ನ ವೈರ್ ಕೂಡ ಜೀವಂತ. ನನ್ನ ಟಾರ್ಚ್ ಹಾಗೇ ಕಬ್ಬಿಣದ ಟೇಬಲ್‌ಗೆ ತಾಗಿ, ಹೆಲ್ಮೆಟ್ ಇಲ್ಲದ ಹೊತ್ತಿಗೆ ಫಳ್ ಅಂತ ಹೊತ್ತಿಕೊಂಡಿತ್ತು. ಆ ಕೇಬಲ್ ಕಳಚಿ ಬದಿಗೆ ಸಿಕ್ಕಿಸಿಡಿ. ಅದನ್ನು ಕಳಚಲು ಆಗದ ಮೆಷಿನ್ ಆದರೆ ಟಾರ್ಚನ್ನೇ ಬಿಚ್ಚಿಡಿ.

ಆಂಪ್‌ಗೆ ಈ ಸಲ ರಾಡ್ ದಪ್ಪ ನೋಡಬೇಕು. 2.5 ಮಿಮೀ 6013ಗೆ 60–90, 3.15 ಮಿಮೀಗೆ 90–130. ಹಾಟ್ ಸ್ಟಾರ್ಟ್ ಶುರುವಿನ ಕ್ಷಣದಲ್ಲಿ ಕರೆಂಟ್ ಏರಿಸಿ ರಾಡ್ ಅಂಟದ ಹಾಗೆ ಮಾಡುತ್ತದೆ. ತೆಳು ತಗಡಿಗೆ ಅದನ್ನು ಇಳಿಸಿ, ಇಲ್ಲದಿದ್ದರೆ ಶುರುವಿಗೇ ತೂತು. ಆರ್ಕ್ ಫೋರ್ಸ್, ರಾಡ್ ಜಾಬ್‌ಗೆ ತುಂಬಾ ಹತ್ತಿರ ಹೋದಾಗ ಕರೆಂಟ್ ಏರಿಸುತ್ತದೆ. 6013ಗೆ ಕಡಿಮೆ ಸಾಕು, 7018ಗೆ ಸ್ವಲ್ಪ ಜಾಸ್ತಿ. ವಿಆರ್‌ಡಿ ದೀಪ ಉರಿಯುತ್ತಿದ್ದರೆ ಸುಮ್ಮನಿರುವಾಗ ಹೋಲ್ಡರ್‌ನ ವೋಲ್ಟೇಜ್ ಕಡಿಮೆ ಇರುತ್ತದೆ. ರಾಡ್ ಹತ್ತಿಸಲು ತುಸು ಕಷ್ಟ, ಆದರೆ ಒದ್ದೆ ಜಾಗದಲ್ಲಿ ಜೀವ ಉಳಿಸುತ್ತದೆ. ಅದನ್ನು ಆಫ್ ಮಾಡುವ ಆತುರ ಬೇಡ.

ಟಿಗ್‌ಗೆ ಬದಲಿಸುವಾಗ

ಟಾರ್ಚ್ ಮೈನಸ್, ಕ್ಲಾಂಪ್ ಪ್ಲಸ್, ಸಿಲಿಂಡರ್ ಶುದ್ಧ ಆರ್ಗಾನ್. ಇಲ್ಲಿಯೂ ಮಿಗ್‌ನ ಗಿಡ್ಡ ಕೇಬಲ್ ಕಳಚಿರಲಿ. ಬಹಳಷ್ಟು ಸಣ್ಣ ಮೆಷಿನ್‌ಗಳ ಟಿಗ್ ಡಿಸಿ ಮಾತ್ರ. ಉಕ್ಕು, ಸ್ಟೇನ್‌ಲೆಸ್ ಆಗುತ್ತದೆ, ಅಲ್ಯೂಮಿನಿಯಂಗೆ ಎಸಿ ಬೇಕು. ಪ್ಯಾನೆಲ್ ಮೇಲೆ ಎಸಿ ಅಂತ ಇಲ್ಲದಿದ್ದರೆ ಆ ಆಸೆ ಬಿಡಿ.

ಟಾರ್ಚ್ ಎರಡು ಬಗೆ. ಹಿಡಿಯ ಮೇಲೆ ಗ್ಯಾಸ್ ವಾಲ್ವ್ ಇದ್ದರೆ ಅದರ ಪೈಪ್ ನೇರ ರೆಗ್ಯುಲೇಟರ್‌ಗೆ ಹೋಗುತ್ತದೆ. ಆಗ ಪ್ಯಾನೆಲ್‌ನ ಪ್ರಿ ಫ್ಲೋ (ಆರ್ಕ್‌ಗೆ ಮುಂಚಿನ ಗ್ಯಾಸ್), ಪೋಸ್ಟ್ ಫ್ಲೋ (ಆರ್ಕ್ ನಿಂತ ಮೇಲಿನ ಗ್ಯಾಸ್) ನಾಬ್‌ಗಳು ಏನೂ ಮಾಡುವುದಿಲ್ಲ. ಆರ್ಕ್ ಶುರುವಿಗೆ ಮುಂಚೆ ನೀವೇ ತೆರೆಯಬೇಕು, ನಿಂತ ಮೇಲೆ ನೀವೇ ಕಾಯಬೇಕು. ಟ್ರಿಗರ್ ಇರುವ ಟಾರ್ಚ್ ಆದರೆ ಗ್ಯಾಸ್ ಮೆಷಿನ್ ಒಳಗಿಂದ ಬರುತ್ತದೆ, ನಾಬ್ ಕೆಲಸ ಮಾಡುತ್ತದೆ. ಪೋಸ್ಟ್ ಫ್ಲೋ 10 ಆಂಪ್‌ಗೆ ಒಂದು ಸೆಕೆಂಡ್ ಅಂತ ಇಡಿ. 80 ಆಂಪ್ ಆದರೆ 8 ಸೆಕೆಂಡ್. ಅಲ್ಲಿವರೆಗೆ ಟಾರ್ಚ್ ಅಲ್ಲಾಡಿಸಬೇಡಿ. ತುದಿ ತಣ್ಣಗಾಗುವ ಮುಂಚೆ ಗಾಳಿ ತಾಗಿದರೆ ಟಂಗ್‌ಸ್ಟನ್ ನೀಲಿ, ಆಮೇಲೆ ಕಪ್ಪು.

1.6 ಮಿಮೀ ಟಂಗ್‌ಸ್ಟನ್ ಸಣ್ಣ ಕೆಲಸಕ್ಕೆಲ್ಲ ಸಾಕು, 150 ಆಂಪ್ ದಾಟಿದರೆ 2.4 ಹಾಕಿ. ತುದಿ ಚೂಪು ಮಾಡುವಾಗ ಗ್ರೈಂಡ್ ಗೀರುಗಳು ಉದ್ದಕ್ಕೆ ಇರಲಿ, ಸುತ್ತಲೂ ಅಲ್ಲ. ಆರ್ಕ್ ಹತ್ತಿಸುವ ಲಿಫ್ಟ್ ಮಾದರಿಯಲ್ಲಿ ತುದಿಯನ್ನು ಜಾಬ್‌ಗೆ ಮೆಲ್ಲಗೆ ತಾಗಿಸಿ ಎತ್ತಬೇಕು. ಬೆಂಕಿಕಡ್ಡಿ ಗೀರಿದ ಹಾಗೆ ಗೀರಬೇಡಿ. ಡೌನ್ ಸ್ಲೋಪ್ ಇದ್ದರೆ ಎರಡು ಮೂರು ಸೆಕೆಂಡ್ ಇಡಿ. ಕೊನೆಯಲ್ಲಿ ಕರೆಂಟ್ ನಿಧಾನ ಇಳಿದು ಗುಳಿ ಮುಚ್ಚಿಕೊಳ್ಳುತ್ತದೆ.

ಕೆಲಸ ನಿಲ್ಲಿಸುವಾಗ

ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ. ಗ್ಯಾಸ್ ಬಟನ್ ಒತ್ತಿ ಪೈಪ್‌ನಲ್ಲಿ ಉಳಿದದ್ದನ್ನು ಬಿಟ್ಟು, ರೆಗ್ಯುಲೇಟರ್ ನಾಬ್ ಸಡಿಲಿಸಿ. ವೈರ್ ತುದಿ ಕತ್ತರಿಸಿ. ಕೆಲವು ದಿನ ಮೆಷಿನ್ ಮುಟ್ಟುವುದಿಲ್ಲ ಅಂದರೆ ಒತ್ತು ತೋಳು ಎತ್ತಿಡಿ, ಸ್ಪೂಲ್ ತೆಗೆದು ಚೀಲದಲ್ಲಿ ಕಟ್ಟಿಡಿ. ತುಕ್ಕು ಹಿಡಿದ ವೈರ್ ಲೈನರ್‌ಗೂ ಕೇಡು, ಬೀಡ್‌ಗೂ ಕೇಡು. ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತಿದ್ದರೆ ಅದು ನಿಲ್ಲುವವರೆಗೆ, ನಿಲ್ಲದ ಮೆಷಿನ್ ಆದರೆ ಐದು ನಿಮಿಷ, ಹಾಗೇ ಬಿಟ್ಟು ಆಮೇಲೆ ಸ್ವಿಚ್ ತೆಗೆಯಿರಿ.

ನನ್ನ ಮೆಷಿನ್‌ನ ಪಕ್ಕದ ಬಾಗಿಲ ಒಳಗೆ ಒಂದು ಟೇಪ್ ಅಂಟಿಸಿದ್ದೇನೆ. 3 ಮಿಮೀ, 0.8 ವೈರ್, ಸ್ಪೀಡ್ ಇಷ್ಟು, ವೋಲ್ಟ್ ಇಷ್ಟು ಅಂತ ಸರಿ ಬಂದದ್ದನ್ನೆಲ್ಲ ಅದರ ಮೇಲೆ ಬರೆಯುತ್ತೇನೆ. ಎಲ್ಲಕ್ಕಿಂತ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುವುದು: "ಗಿಡ್ಡ ಕೇಬಲ್ ಎಲ್ಲಿದೆ?"